ಮೂವತ್ತೊಂದನೆಯ ಗಾಡಿಯ ಚಿತ್ರ

ಪರಮ ಕರುಣಾಳುವೂ ದಯಾನಿಧಿಯೂ ಆದ ಅಲ್ಲಾಹನ ನಾಮದಿಂದ. ಬೆಳಕನ್ನೂ ಅದನ್ನು ಕಾಣುವ ಕಣ್ಣನ್ನೂ ಸೃಷ್ಟಿಸಿದವನಿಗೆ ಸಕಲ ಸ್ತುತಿ. ಹಿಜರಿ ೧೪೪೪, ಜುಲ್‌ಕಾದ ಮಾಸದ ಎರಡನೆಯ ದಿನ. ಮಂಗಿಸ್ತಾವ್ ಮರುಭೂಮಿಯ ಕಾರುಗಳ ರ‍್ಯಾಲಿಗಾಗಿ ಇಪ್ಪತ್ತೆಂಟನೆಯ ಸಲ ಈ ಪುಸ್ತಕವನ್ನು ತೆರೆದಿದ್ದೇನೆ.

ಮೇ ೨೨, ಸೋಮವಾರ, ಸಂಜೆ

ಲೆನ್ಸುಗಳನ್ನು ಒರೆಸಿದ್ದಾಯಿತು. ಧೂಳು ನುಗ್ಗದಂತೆ ಕ್ಯಾಮೆರಾದ ಸಂದುಗಳಿಗೆ ಟೇಪು ಹಚ್ಚಿದ್ದಾಯಿತು. ಎರಡು ಬ್ಯಾಟರಿ ಅಂಗಿಯ ಒಳಜೇಬಿನಲ್ಲಿ.

ರ‍್ಯಾಲಿಯ ಪ್ರಚಾರದ ಹೊಣೆ ಹೊತ್ತ ಗೌಹರ್ ಬಂದಿದ್ದಳು. ಬಾಗಿಲಲ್ಲೇ ನಿಂತು, ಹಿರಿಯರನ್ನು ಕರೆಯುವ ನಮ್ಮ ರೂಢಿಯಂತೆ ಅಗಾ ಎಂದು ಮಾತು ತೆಗೆದಳು.

"ಅಗಾ, ಬೈಬೇಡಿ. ನಿಮ್ಮ ಹಳೇ ಆಲ್ಬಮ್ ನೋಡ್ತಿದ್ದೆ. ನಂಬರ್ ಬೆರಳಿಂದ ಮುಚ್ಚಿದ್ರೆ ಯಾವ ವರ್ಷದ್ದು, ಯಾರ ಗಾಡಿ, ಒಂದೂ ಗೊತ್ತಾಗಲ್ಲ. ಎಲ್ಲಾ ಒಂದೇ ಥರ."

"ನಂಬರ್ ಕಾಣ್ಲಿ ಅಂತಲೇ ತೆಗೆಯೋದಮ್ಮ."

"ಅದು ಬೇಕೇ ಬೇಕು. ಜೊತೆಗೆ ಒಂದಾದ್ರೂ ನಿಮ್ಮದು ಅನ್ನೋ ಹಾಗಿರ್ಲಿ."

ಚುಚ್ಚಿತು. ನಿಜವಾದ್ದರಿಂದಲೇ ಚುಚ್ಚಿತು. ಸಮಾರೋಪದಂದು ಚಾಲಕ ಮತ್ತು ಜೊತೆಗಾರನ ಪ್ರತಿ ಜೋಡಿಗೂ ಚೌಕಟ್ಟು ಹಾಕಿದ ಒಂದು ಚಿತ್ರವನ್ನು ಕೊಡುವ ಪದ್ಧತಿಯನ್ನು ಆರಂಭಿಸಿದವನು ನಾನೇ. ಓಡುತ್ತಿರುವ ಗಾಡಿ, ಬಾಗಿಲ ಮೇಲಿನ ಸಂಖ್ಯೆ, ಒಳಗಿನ ಎರಡು ಮುಖ — ಮೂರೂ ಸ್ಪಷ್ಟವಾಗಿರಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರು ಕೂರುವ ಜಾಗದ ಮೇಲೆ ಅದು ತೂಗುತ್ತಿದೆ. ಅದು ನನ್ನ ಪಾಲಿಗೆ ನಂಬಿ ಒಪ್ಪಿಸಿದ ಹೊಣೆ. ಆದರೂ... ಇಪ್ಪತ್ತೆಂಟು ವರ್ಷಗಳಲ್ಲಿ ನನ್ನದೆನ್ನಬಹುದಾದ ಒಂದೂ ಇಲ್ಲವೇ?

ಸಿಸೆನ್ ಫೋನ್ ಮಾಡಿದ. ನನ್ನ ಓರಗೆಯವನು. ನಮ್ಮಲ್ಲಿ ಓರಗೆಯವರ ಬಾಯಿಗೆ ಲಗಾಮಿಲ್ಲ.

"ಲೋ ಇಜ್‌ಬಸಾರ್, ಈ ಸಲನಾದ್ರೂ ಬಾಯಿ ಮುಚ್ಚಿರೋವಾಗ ತೆಗಿಯೋ. ಇಪ್ಪತ್ತೆರಡು ಫೋಟೋದಲ್ಲೂ ನೀರಿಂದ ತೆಗೆದ ಮೀನಿನ ಹಾಗಿದೀನಿ."

"ನೀನು ಬಾಯಿ ಮುಚ್ಚೋ ತಿರುವು ಯಾವುದು ಹೇಳು, ಅಲ್ಲೇ ಬಂದು ನಿಲ್ತೀನಿ."

ಇಪ್ಪತ್ತೆರಡು ವರ್ಷದಿಂದ, ಈ ಸಲ ಮೂವತ್ತೊಂದನೆಯ ಗಾಡಿ ಓಡಿಸುವ ಒತೆಗೆನ್‌ನ ಪಕ್ಕದಲ್ಲಿ ಕುಳಿತು ದಾರಿಯನ್ನು ಓದಿ ಕೂಗಿ ಹೇಳುವವನು. ಬಾಯಿ ಮುಚ್ಚುವುದಾದರೂ ಹೇಗೆ? ಚಳಿಗಾಲದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಮೊದಲ ದಿನ ಮಾತ್ರ ಕೂರಲು ಒಪ್ಪಿದ್ದಾರೆ. ಎರಡನೆಯ ದಿನದಿಂದ ಬೇರೊಬ್ಬ. ಸಿಸೆನ್‌ನ ಪಾಲಿಗೆ ನಾಳೆಯೇ ಕೊನೆ.

ಮೇ ೨೩, ಬೆಳಗಿನ ಪ್ರಾರ್ಥನೆಯ ನಂತರ

ಹೊರಡುವ ಮುನ್ನ ಚಾಲಕರೆಲ್ಲ ಸುತ್ತುಗಟ್ಟಿ ಅಂಗೈ ಚಾಚಿದರು. ಹಿರಿಯನೆಂದು ನನ್ನಿಂದಲೇ ಆಶೀರ್ವಚನ ಹೇಳಿಸಿದರು. ಸಿಸೆನ್ ಅಂಗೈಯಿಂದ ಮುಖ ಸವರಿಕೊಂಡು ಕಣ್ಣು ಮಿಟುಕಿಸಿದ. ಉಪ್ಪುಬಯಲಿಗೆ ಹೊರಟೆ.

ಅದೇ ದಿನ, ಸೂರ್ಯಾಸ್ತದ ಪ್ರಾರ್ಥನೆಯ ನಂತರ

ತಪ್ಪಾಯಿತು. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಗಾಳಿಗೆ ಬೆನ್ನು ಕೊಟ್ಟು ದಿಬ್ಬದ ಮೇಲೆ ನಿಂತಿದ್ದೆ. ಬಂದ ಇಪ್ಪತ್ತು ಗಾಡಿಗಳನ್ನೂ ಯಾವತ್ತಿನಂತೆ ತೆಗೆದೆ. ಅಷ್ಟರಲ್ಲಿ ಸೂರ್ಯ ಸುಣ್ಣದ ಬೆಟ್ಟಗಳ ಬಿರುಕಿಗೆ ಇಳಿದ. ಬಯಲಿನ ಧೂಳೆಲ್ಲ ಮಾಗಿದ ಏಪ್ರಿಕಾಟಿನ ಬಣ್ಣಕ್ಕೆ ತಿರುಗಿತು. ಅಂತಹ ಬೆಳಕನ್ನು ನಾನು ಆ ಜಾಗದಲ್ಲಿ ಕಂಡಿರಲಿಲ್ಲ. ಹತ್ತು ನಿಮಿಷ ಇದ್ದರೆ ಹೆಚ್ಚು.

ರೇಡಿಯೋದಲ್ಲಿ ಹೇಳಿದ್ದರು: ಮುಂದಿನದು ಇಪ್ಪತ್ತನಾಲ್ಕು, ಅದರ ಹಿಂದೆ ಮೂವತ್ತೊಂದು. ಇಪ್ಪತ್ತನಾಲ್ಕರ ಜೋಡಿ ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಇದೊಂದನ್ನು ನನಗಾಗಿ ತೆಗೆದರೆ ಯಾರಿಗೆ ನಷ್ಟ? ಓಟವೇ ಗೆರೆಯಾಗಿ ಹರಿಯಲೆಂದು ಷಟರನ್ನು ಸೆಕೆಂಡಿನ ಹದಿನೈದನೆಯ ಒಂದು ಭಾಗಕ್ಕೆ ಇಳಿಸಿದೆ. ಧೂಳಿನ ಗೋಡೆಯೊಳಗಿಂದ ಬಿಳಿಯ ಗಾಡಿ ಹೊಮ್ಮಿತು. ಅದರ ವೇಗಕ್ಕೆ ಸೊಂಟವನ್ನು ತಿರುಗಿಸುತ್ತಾ ಗುಂಡಿ ಒತ್ತಿದೆ. ಎದೆ ಯುವಕನದರಂತೆ ಬಡಿಯುತ್ತಿತ್ತು. ಬಾಯಿಂದ ತಾನಾಗಿ ಸ್ತುತಿವಚನ ಹೊರಟಿತು.

ಷಟರನ್ನು ಮತ್ತೆ ಏರಿಸಿ ಮೂವತ್ತೊಂದಕ್ಕೆ ಸಿದ್ಧನಾದೆ. ಬಂದದ್ದು ಹದಿನೇಳು.

ಇಪ್ಪತ್ತನಾಲ್ಕು ಟೈರು ಒಡೆದು ಮರಳಿನಲ್ಲಿ ನಿಂತಿತ್ತಂತೆ. ಒಂದು ಗಂಟೆ ತಡವಾಗಿ ಬಂತು. ಆಗಲೇ ದಾಟಿ ಹೋದದ್ದು ಮೂವತ್ತೊಂದು. ಅದೂ ಬಿಳಿಯ ಗಾಡಿಯೇ. ಚಿತ್ರವನ್ನು ಹಿಗ್ಗಿಸಿ ನೋಡಿದೆ. ಗೆರೆಗಳು. ಧೂಳು, ಬೆಳಕು. ಸಂಖ್ಯೆ ಇಲ್ಲ. ಮುಖವಿರಬೇಕಾದಲ್ಲಿ ಹಸಿರು ಹೆಲ್ಮೆಟ್ಟಿನ ಒಂದು ಛಾಯೆ — ಸಿಸೆನ್‌ನದು.

ಸಂಖ್ಯೆಯನ್ನು ಓದಿದ ಮೇಲೆ ಗುಂಡಿ ಒತ್ತಬೇಕೆಂದು ನಾನೇ ಎಷ್ಟು ಜನಕ್ಕೆ ಕಲಿಸಿದ್ದೇನೆ...

ಮೇ ೨೪, ಮಧ್ಯಾಹ್ನ

ಗೌಹರಳಿಗೆ ತಿಳಿಸಿದೆ.

"ಹೋದ ವರ್ಷದ ಫೋಟೋ ಇದೆಯಲ್ಲ, ಅದೇ ಗಾಡಿ, ಅದೇ ಇಬ್ಬರು. ನಂಬರ್ ಒಂದು ಬದಲಾಯಿಸಿದ್ರೆ ಆಯ್ತು. ಕಂಪ್ಯೂಟರ್‌ನಲ್ಲಿ ಐದು ನಿಮಿಷ. ನೀವೇ ಹೇಳಿ, ನಿಮ್ಮ ಫೋಟೋಗಳಲ್ಲಿ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ?"

ನಾನು ಕೂಡಲೇ ಉತ್ತರಿಸಲಿಲ್ಲ. ಆ ಮೌನವನ್ನು ಇಲ್ಲಿ ದಾಖಲಿಸಬೇಕು.

"ಬೇಡ ಅಂತೀರ ಅಂತ ಗೊತ್ತಿತ್ತು ಬಿಡಿ" ಎಂದಳು.

"ಅಷ್ಟು ಬೇಗ ನಾನು ಅನ್ನಲಿಲ್ಲವಲ್ಲಮ್ಮ" ಎಂದೆ. ಆಮೇಲೆ ಬೇಡವೆಂದೆ.

ಗಾಡಿ ರಿಪೇರಿಯ ಡೇರೆಯಲ್ಲಿ ಒತೆಗೆನ್ ಸಿಕ್ಕಿದ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ನನ್ನ ತಪ್ಪೊಪ್ಪಿಗೆಯನ್ನು ಕೇಳುತ್ತಾ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದ.

"ಟಿವಿಯವ್ರು ಬಂದಿದ್ರು ಅಗಾ. ಸಿಸೆನ್ ಅಗಾ ಅವರ ಕೊನೇ ಓಟ, ಒಳಗೊಂದು ಕ್ಯಾಮೆರಾ ಇಡ್ತೀವಿ ಅಂದ್ರು. ಇಜ್‌ಬಸಾರ್ ಅಗಾ ಇದಾರೆ, ಬೇಡ ಅಂದೆ."

ಅಷ್ಟೇ. ದನಿ ಏರಿಸಲಿಲ್ಲ. ಬಟ್ಟೆಯನ್ನು ಮಡಿಸಿ ಇಟ್ಟು ಗಾಡಿಯ ಕೆಳಗೆ ಹೋಗಿಬಿಟ್ಟ. ಬೈದಿದ್ದರೆ ಹಗುರವಾಗುತ್ತಿತ್ತು.

ಮೇ ೨೬, ಶುಕ್ರವಾರ

ನಿನ್ನೆ ಬರೆಯಲು ಕೈ ಏಳಲಿಲ್ಲ. ಇಂದು ಜುಮಾ ನಮಾಜಿನ ನಂತರ ಜಾನಾಒಜೆನ್‌ಗೆ, ಸಿಸೆನ್‌ನ ಮನೆಗೆ ಹೋದೆ. ದಾರಿಯುದ್ದಕ್ಕೂ ನನ್ನನ್ನೇ ವಿಚಾರಿಸಿಕೊಂಡೆ. ಆ ಬೆಳಕಿಗೆ ಮನಸೋತದ್ದು ಪಾಪವಲ್ಲ. ಬೆಳಕು ಅಲ್ಲಾಹನ ಸೃಷ್ಟಿ. ಆದರೆ ಆ ಕ್ಷಣದಲ್ಲಿ ನಾನು ನೆನೆದದ್ದು ಬೆಳಕನ್ನೋ, ಗೌಹರಳ ಮಾತನ್ನೋ?

ಸಿಸೆನ್‌ನ ಹೆಂಡತಿ ಶಮ್ಶಿಯಾ ಒಂಟೆಹಾಲಿನ ಚಹಾ ಕೊಟ್ಟಳು. ನಾನು ನಡೆದದ್ದನ್ನೆಲ್ಲ ಹೇಳಿ ಚಿತ್ರವನ್ನು ಚಾಪೆಯ ಮೇಲಿಟ್ಟೆ.

"ಇದರಲ್ಲಿ ಇವರೆಲ್ಲಿ ಅಣ್ಣಾ?" ಎಂದಳು ಶಮ್ಶಿಯಾ.

ಹಸಿರು ಛಾಯೆಯ ಮೇಲೆ ಬೆರಳಿಟ್ಟೆ.

ಸಿಸೆನ್ ಕನ್ನಡಕ ಹಾಕಿದ, ತೆಗೆದ, ಮತ್ತೆ ಹಾಕಿದ. ಬಹಳ ಹೊತ್ತು ನೋಡಿದ.

"ಲೋ... ಒಳಗೆ ಕೂತ್ರೆ ಹೀಗೇ ಕಣೋ ಕಾಣೋದು. ಎಲ್ಲಾ ನಡುಗ್ತಿರುತ್ತೆ, ಒಂದಕ್ಷರ ನಿಲ್ಲಲ್ಲ, ಅದನ್ನೇ ಓದಿ ಹೇಳ್ಬೇಕು. ಇಪ್ಪತ್ತೆರಡು ವರ್ಷದಿಂದ ಇವಳಿಗೆ ವಿವರಿಸಿ ವಿವರಿಸಿ ಸೋತಿದೀನಿ."

"ಒಳಗೆ ಹೇಗಿದ್ರೆ ನನಗೇನ್ರಿ? ನನಗೆ ಮುಖ ಬೇಕು. ನಾಳೆ ಒಬ್ಬಳೇ ಗೋಡೆ ಮೇಲಿನ ಧೂಳು ನೋಡ್ಕೊಂಡು ಕೂರ್ಲಾ?"

ಚಹಾದ ಬಟ್ಟಲನ್ನು ಕೆಳಗಿಟ್ಟಳು.

ಸಿಸೆನ್ ಮೆಲ್ಲಗೆ ಹೇಳಿದ, "ಇದರಲ್ಲಿ ಬಾಯಿ ಮುಚ್ಚಿದೆಯಲ್ಲೇ."

"ಬಾಯಿ ಇದ್ರೆ ತಾನೇ" ಎಂದಳು. ನಗು ಬಂದರೂ ಅವಳು ಸೋಲಲಿಲ್ಲ. "ಗಾಡಿ ನಿಂತಿರೋವಾಗ ತೆಗೀರಿ ಅಣ್ಣಾ. ಓಡ್ಲೇಬೇಕು ಅಂತ ಕುರಾನಲ್ಲಿ ಬರೆದಿದೆಯಾ?"

ಇಪ್ಪತ್ತೆಂಟು ವರ್ಷಗಳಲ್ಲಿ ನಿಂತ ಗಾಡಿಯನ್ನು ನಾನು ತೆಗೆದದ್ದಿಲ್ಲ. ಅದನ್ನು ಚಿತ್ರವೆಂದೇ ಎಣಿಸಿರಲಿಲ್ಲ.

"ಆದ್ರೆ ಓಡೋ ಹಾಗೆ ನಟಿಸಲ್ಲ ಕಣೋ" ಎಂದ ಸಿಸೆನ್. "ನಿಂತ್ಕೋ ಅಂದ್ರೆ ನಿಂತ್ಕೋತೀನಿ."

ಬೀಳ್ಕೊಳ್ಳುವಾಗ ಚಿತ್ರವನ್ನು ಮರಳಿ ಕೇಳಿದೆ. ಸಿಸೆನ್ ಅದನ್ನು ಹಾಸಿಗೆಯ ಕೆಳಗೆ ತಳ್ಳಿಕೊಂಡು ಕೊಡೆನೆಂದ.

ಮೇ ೨೭, ಮಧ್ಯಾಹ್ನ

ಕೊನೆಯ ದಿನದ ಓಟ ಮುಗಿಯಿತು. ಎಲ್ಲರದನ್ನೂ ಕ್ರಮಪ್ರಕಾರ ತೆಗೆದೆ. ಕಡೆಯಲ್ಲಿ ಇಪ್ಪತ್ತನಾಲ್ಕು. ದುರ್ಬೀನಿನಲ್ಲಿ ಸಂಖ್ಯೆ ಓದಿ, ಬಾಯಲ್ಲೂ ಹೇಳಿಕೊಂಡು, ಮೊದಲು ಅವರಿಗೆ ಸಲ್ಲಬೇಕಾದದ್ದನ್ನು ತೆಗೆದೆ. ಆಮೇಲೆ ಷಟರ್ ಇಳಿಸಿ ನನಗಾಗಿ ಒಂದು. ಚೆನ್ನಾಗಿ ಬರಲಿಲ್ಲ. ಬೆಳಕು ಅಂದಿನದಲ್ಲ. ಆದರೂ ಅಳಿಸಲಿಲ್ಲ. ಬರುವ ವರ್ಷ ಈ ಕ್ರಮದಲ್ಲೇ ಮತ್ತೆ ಪ್ರಯತ್ನಿಸಬೇಕು.

ಅದೇ ದಿನ, ಸಮಾರೋಪಕ್ಕೆ ಮುನ್ನ

ಮೂವತ್ತೊಂದು ಬಂದು ನಿಂತಿತು. ಹೊಸ ಜೊತೆಗಾರ ಇಳಿದು ದೂರ ಸರಿದ. ಸಿಸೆನ್ ತನ್ನ ಬಾಗಿಲಿನ ಪಕ್ಕಕ್ಕೆ ಬಂದು ನಿಂತ, ಹಸಿರು ಹೆಲ್ಮೆಟ್ ಕಂಕುಳಲ್ಲಿ. ಒತೆಗೆನ್ ಬರುವನೋ ಇಲ್ಲವೋ ಎಂದು ನಾನು ನೆಲ ನೋಡುತ್ತಿದ್ದೆ.

ಬಂದ. ಗಾಡಿಯ ಮೇಲೆಲ್ಲ ಐದು ದಿನದ ಧೂಳು. ಬಗ್ಗಿ, ತೋಳಿನಿಂದ ಬಾಗಿಲ ಮೇಲಿನ ಅಂಕಿಗಳನ್ನು ಮಾತ್ರ ಒರೆಸಿದ.

"ನಿಮಗೆ ನಂಬರ್ ಕಾಣ್ಬೇಕಲ್ಲ ಅಗಾ."

ಕ್ಯಾಮೆರಾದ ಕಿಂಡಿ ಸ್ವಲ್ಪ ಹೊತ್ತು ಮಂಜಾಯಿತು. ಕಾದೆ.

"ತೆಗಿಯೋ ಬೇಗ, ವೈದ್ಯರು ನನಗೆ ಅಷ್ಟೊಂದು ಟೈಮ್ ಕೊಟ್ಟಿಲ್ಲ" ಎಂದು ಸಿಸೆನ್ ಕೂಗಿದ. ಒತೆಗೆನ್ ನಕ್ಕ. ಅದೇ ಕ್ಷಣಕ್ಕೆ ಗುಂಡಿ ಒತ್ತಿದೆ. ಸಂಖ್ಯೆ ಇದೆ, ಎರಡು ಮುಖವಿದೆ. ಸಿಸೆನ್‌ನ ಬಾಯಿ ತೆರೆದಿದೆ.

ಅಲ್ಲೇ ಅಚ್ಚು ಹಾಕಿಸಿ, ಚಿತ್ರದ ಬೆನ್ನಿಗೆ ನನ್ನ ಕೈಯಿಂದಲೇ ಬರೆದೆ: "ಮೇ ೨೭. ಗಾಡಿ ನಿಂತಿರುವಾಗ ತೆಗೆದದ್ದು. ಓಟದ ಚಿತ್ರ ಇಜ್‌ಬಸಾರನ ತಪ್ಪಿನಿಂದ ದೊರೆಯಲಿಲ್ಲ." ಶಮ್ಶಿಯಾ ಅದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ.

ಆಶೀರ್ವಚನಕ್ಕೆ ನನ್ನನ್ನು ಕರೆಯುತ್ತಿದ್ದಾರೆ. ಎಲ್ಲರೂ ಅಂಗೈ ಚಾಚಿ ಕಾದಿದ್ದಾರೆ. ಹೇಳಬೇಕಾದದ್ದನ್ನು ಇಲ್ಲಿ ಬರೆದುಕೊಂಡೇ ಎದ್ದು ಹೋಗುತ್ತೇನೆ —

ಒಡೆಯನೇ, ಒತೆಗೆನ್‌ನ ಕೈಗೆ ಬಲ ಕೊಡು. ಸಿಸೆನ್‌ನ ಹೃದಯಕ್ಕೆ ಇನ್ನೂ ಬಹಳ ದಾರಿ ಕೊಡು. ಶಮ್ಶಿಯಾಳ ಕಣ್ಣೆದುರಿನಿಂದ ಆ ಮುಖವನ್ನು ಮರೆಮಾಡಬೇಡ. ಗೌಹರಳ ನಾಲಗೆ ಹೀಗೇ ಚುರುಕಾಗಿರಲಿ. ಓಡಿದವರೂ, ಮರಳಿನಲ್ಲಿ ನಿಂತವರೂ, ಟೈರು ಬದಲಿಸಿದವರೂ, ಮನೆಯಲ್ಲಿ ಕಾದವರೂ ನಿನ್ನ ಕಾವಲಿನಲ್ಲಿರಲಿ. ಎಲ್ಲರ ಹಿಂದಿನ ಧೂಳು ಸುಖವಾಗಿ ಇಳಿಯಲಿ, ಆಮೀನ್, ಮತ್ತು ನೋಡುವವನ ಕಣ್ಣಿಗೂ ಇನ್ನಷ್ಟು ಬೆಳಕು ಕೊಡು...