ಕೆಳಗಿನ ವಾಲ್ವ್

ಜೂನ್ 3
ಇವತ್ತಿನ ಶಿಫ್ಟೂ ಫ್ಯಾಕ್ಟರಿಯಲ್ಲಿ ರಾಸಾಯನಿಕ ಕುದಿಸುವ ರಿಯಾಕ್ಟರ್ ಮುಂದೆಯೇ ಕಳೆಯಿತು. ಪೇಂಟ್‌ಗೆ ಹಾಕುವ ಎಸ್ಟರ್ ಎಂಬ ದ್ರಾವಕ ಮಾಡುತ್ತಿದ್ದೇವೆ. ಆಸಿಡ್, ಆಲ್ಕೋಹಾಲ್ ಸೇರಿ ಎಸ್ಟರ್ ಆಗಬೇಕು, ಜೊತೆಗೆ ಒಂದಿಷ್ಟು ನೀರು. ಅರ್ಧ ದಾಟಿ ನಿಂತುಬಿಟ್ಟಿದೆ. ನಿಂತಿದೆ ಅಂದರೆ ಸುಮ್ಮನಿಲ್ಲ — ಎಷ್ಟು ಎಸ್ಟರ್ ಆಗುತ್ತದೋ ಅಷ್ಟೇ ನೀರಿನ ಜೊತೆ ಸೇರಿ ಮತ್ತೆ ಆಸಿಡ್ ಆಗುತ್ತಿದೆ. ಸಾಹೇಬರು, "ಇನ್ನೊಂದಿಷ್ಟು ಆಲ್ಕೋಹಾಲ್ ಹಾಕಮ್ಮಾ, ದಾರಿಗೆ ಬರುತ್ತೆ" ಅಂದರು. ಹಾಕಿದೆ. ಸ್ವಲ್ಪ ಮುಂದೆ ಹೋಯಿತು. ಮತ್ತೆ ನಿಂತಿತು.

ಮೈಯೆಲ್ಲ ಎಸ್ಟರ್ ವಾಸನೆ. ಬಸ್ಸಿನಲ್ಲಿ ಪಕ್ಕದವಳು ಮೂಗು ಮುಚ್ಚಿ ಸರಿದು ಕೂತಳು. ಮನೆಗೆ ಬಂದರೆ ಅಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ. ಭಾವ ತೀರಿಕೊಂಡ ಮೇಲೆ ನಾನೇ ಇಲ್ಲಿಗೆ ಕರೆತಂದೆ. ಮಧ್ಯಾಹ್ನದ ಊಟ ಮುಟ್ಟಿಲ್ಲ. ಹೀಗೇ ಆದರೆ ಇವಳೂ ಕೈಬಿಟ್ಟು ಹೋಗುತ್ತಾಳೆ. ಭಯ.

ಜೂನ್ 4
ರಜೆ ಹಾಕಿ ಅಕ್ಕನನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ಹೊಸ ಚಪ್ಪಲಿ ಕೊಡಿಸಿದೆ. ಬಾಯಿ ನೋಯುವಷ್ಟು ಮಾತಾಡಿದೆ. ಒಮ್ಮೆ ನಕ್ಕಳು... ಸಂಜೆಗೆ ಮತ್ತೆ ಅದೇ ಕುರ್ಚಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಭಾವನ ಶರ್ಟ್ ಮಡಚುತ್ತಾ ಮುಖಕ್ಕೆ ಒತ್ತಿಕೊಂಡಳು. ಓಡಿಹೋಗಿ ಕೈಯಿಂದ ಕಿತ್ತುಕೊಂಡೆ. "ಅಳಬೇಡ ಕಣಕ್ಕಾ, ನಾನಿದ್ದೀನಲ್ಲ." ಕಣ್ಣೊರೆಸಿಕೊಂಡಳು. ಸದ್ಯ ಅನ್ನಿಸಿತು.

ಜೂನ್ 5, ಮಧ್ಯಾಹ್ನ
ಸಿಕ್ಕಿತು! ಕುದಿಯುವಾಗ ಮೇಲೇರಿದ ಹಬೆ ತಣಿದು, ನೀರು ಬೇರ್ಪಡಿಸುವ ಸೆಪರೇಟರ್‌ಗೆ ಇಳಿಯುತ್ತದೆ. ಆಲ್ಕೋಹಾಲ್ ಮೇಲೆ, ನೀರು ಕೆಳಗೆ. ಕೆಳಗಿನ ವಾಲ್ವ್ ತೆರೆದು ನೀರು ಹೊರಗೆ ಬಿಡುತ್ತಿರಬೇಕು. ಕ್ಲೀನಿಂಗ್ ಆದ ಮೇಲೆ ಅದನ್ನು ಮುಚ್ಚಿದವಳು ನಾನೇ, ತೆರೆಯಲು ಮರೆತವಳೂ ನಾನೇ. ನೀರು ತುಂಬಿ ತುಳುಕಿ ಹಿಂದಕ್ಕೆ ರಿಯಾಕ್ಟರ್‌ಗೇ ಬೀಳುತ್ತಿತ್ತು.

ತೆರೆದೆ. ನೀರು ಹೋದಂತೆ ಆಸಿಡ್ ಪ್ರಮಾಣ ಇಳಿಯತೊಡಗಿತು. ಸಾಹೇಬರು ಬೈಯಲಿಲ್ಲ. "ಸುರಿಯೋದೊಂದೇ ಗೊತ್ತು ನಮಗೆ. ನೀರು ಹೊರಗೆ ಹೋಗ್ದೆ ಎಷ್ಟು ಸುರಿದ್ರೆ ಏನ್ ಬಂತು?" ಅಂದರು.

ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಎಷ್ಟು ಸಲ ಅಂದಿದ್ದೇನೆ, ಅಳಬೇಡ ಅಂತ...

ಜೂನ್ 9
ಮೂರು ದಿನ ಧೈರ್ಯ ಬರಲಿಲ್ಲ. ಇವತ್ತು ಕೇಳಿಯೇ ಬಿಟ್ಟೆ. "ಆಸ್ಪತ್ರೇಲಿ ಭಾವ ಕೊನೇಗೆ ಏನಂದ್ರಕ್ಕಾ?"

ನನ್ನನ್ನೇ ನೋಡಿದಳು. "ಕಾಲು ತಣ್ಣಗಾಗ್ತಿದೆ, ಇನ್ನೊಂದು ಹೊದಿಕೆ ಹಾಕು ಅಂದ್ರು ಕಣೇ. ತರೋಕೆ ಹೋದೆ. ಬರೋ ಹೊತ್ತಿಗೆ..."

ಆಮೇಲೆ ಬಂತು ಅಳು. ಮನೆ ಕಿತ್ತುಹೋಗುವ ಹಾಗೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಅಯ್ಯೋ, ಸಮಾಧಾನ ಮಾಡಬಾರ್ದಾ?" ಅಂದರು. ಬಾಗಿಲು ಹಾಕಿ ಬಂದು ಅಕ್ಕನ ಹತ್ತಿರ ಕೂತೆ. ನನ್ನ ನಾಲಿಗೆ ತುದಿಗೂ ಅದೇ ಹಳೇ 'ಅಳಬೇಡ' ಬಂದಿತ್ತು — ನುಂಗಿದೆ.

ಈಗ ಒಳಗೆ ಮಲಗಿದ್ದಾಳೆ. ಬಿಕ್ಕು ಇನ್ನೂ ಕೇಳುತ್ತಿದೆ. ಮಾಡಿದ್ದು ಸರಿಯೋ ತಪ್ಪೋ...

ಕರೆಯುತ್ತಿದ್ದಾಳೆ. "ಲೇ, ತಿನ್ನೋಕೆ ಏನಿದೆಯೇ?"

ಏನೂ ಇಲ್ಲ! ಒಲೆಯನ್ನೇ ಹಚ್ಚಿಲ್ಲ. ಏಳಬೇಕು.