ಜಡೆ ಹೆಣೆಯುತ್ತಿದ್ದ ಕೈಗಳು

ಹಾರ್ಲೆಮ್ ಮನೆಯಲ್ಲೇ ಇರುವ ಅಮ್ಮನಿಗೆ,

ನಮಗೆ ತಿಳಿಸದೆಯೇ ಮನೆ ಬಿಡಿಸಲು ಕೊಟ್ಟಿದ್ದ ತೀರ್ಪು ರದ್ದಾಯಿತೆಂದು ರಮಾತು ಚಿಕ್ಕಮ್ಮ ಫೋನ್ ಮಾಡಿದಳು. ಕೋರ್ಟಿನಲ್ಲಿ ನಡೆದದ್ದನ್ನು ಮೂರು ಸಲ ಹೇಳಿಸಿಕೊಂಡೆ.

ಸಮನ್ಸ್ ತಂದವನು, "ಶನಿವಾರ ಮಧ್ಯಾಹ್ನ ಮನೆ ಬಾಗಿಲಲ್ಲಿ ಈಯಮ್ಮನ ಕೈಗೇ ಕೊಟ್ಟೆ" ಎಂದು ಪ್ರಮಾಣ ಮಾಡಿದನಂತೆ.

"ಯಾವ ಕೈಗಪ್ಪಾ? ಬೆಳಿಗ್ಗೆಯಿಂದ ಸಂಜೆವರೆಗೂ ನನ್ನೆರಡೂ ಕೈ ಈ ಮದುಮಗಳ ತಲೇಲಿದ್ವು!" ಎಂದು ನೀನು ಗಿರಾಕಿ ಡೆನೀಸಳನ್ನೇ ಮುಂದೆ ನಿಲ್ಲಿಸಿದೆಯಂತೆ. ಅವಳು ಆ ದಿನ ನಿನ್ನ ಜಡೆ ಹೆಣೆಯುವ ಅಂಗಡಿಯಲ್ಲಿ ಗಂಟೆಗೊಂದರಂತೆ ತೆಗೆದ ಫೋಟೋ ತೋರಿಸಿದಾಗ ಜಡ್ಜ್ ಕೂಡ ನಕ್ಕರಂತೆ. ನಾನಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಕೇಸು ಮೊದಲಿನಿಂದ ನಡೆಯಲಿ ಬಿಡು, ಈ ಸಲ ನಾವೂ ಇರುತ್ತೇವೆ.

ಮನೆ ಹೋಯಿತೆಂಬ ಟೆನ್ಷನ್‌ನಲ್ಲಿ, ರಜೆಗೂ ಹಾಸ್ಟೆಲಿನಲ್ಲೇ ಇರುತ್ತೇನೆಂದು ಫಾರ್ಮ್ ತುಂಬಿಟ್ಟಿದ್ದೆ. ಈಗ ಹರಿದು ಹಾಕಿದೆ. ಶುಕ್ರವಾರ ಬರುತ್ತೇನೆ. ನನ್ನ ತಲೆಗೂ ಒಂದು ಮಧ್ಯಾಹ್ನ ಇಟ್ಟಿರು.

ನಿನ್ನ ಪುಕ್ಕಲಿ,
ಕುಂಬಾ