ಹುಣಸೆಹಣ್ಣಿನಲ್ಲಿ ಉಜ್ಜಿದ ಟೋಕನ್

ನವೆಂಬರ್ ೯, ಭಾನುವಾರ, ಡ್ರೋಹೆಡಾ, ಐರ್ಲೆಂಡ್

ಆ ಟೋಕನ್ ಉಜ್ಜಬಾರದಿತ್ತು. ಮುನ್ನೂರು ವರ್ಷಗಳ ಹಿಂದೆ ಚಿಲ್ಲರೆ ಸಿಗದೆ ಈ ಊರಿನ ಅಂಗಡಿಯವನೊಬ್ಬ ತನ್ನ ಹೆಸರು ಹಾಕಿಸಿ ಕೊಡುತ್ತಿದ್ದ ತಾಮ್ರದ ಬಿಲ್ಲೆ. ಅವನ ಅಂಗಡಿಯಿದ್ದದ್ದು ನನ್ನದೇ ಬೀದಿಯಲ್ಲಿ. ಹಳೇ ನಾಣ್ಯ ಸಂಗ್ರಾಹಕರ ಕೂಟದಲ್ಲಿ ಇವತ್ತು ಅದನ್ನೇ ಹೇಳಬೇಕೆಂದಿದ್ದೆ. ಅಮ್ಮ ದೇವರ ಚೊಂಬು ಬೆಳಗುತ್ತಿದ್ದ ಹಾಗೆ ಹುಣಸೆಹಣ್ಣು ಹಚ್ಚಿ, ತಿಕ್ಕಿ, ಒಯ್ದೆ.

ಕೂಟದ ಹಿರಿಯ ಡೆಕ್ಲನ್ ನೋಡಿದವನೇ, “ಅಯ್ಯೋ ಡಾಕ್ಟರ್, ಆ ಕರೀ ಬಣ್ಣಕ್ಕೇ ಅಲ್ವಾ ಬೆಲೆ!” ಎಂದ. ನನ್ನ ಮುಖ ನೋಡಿ, “ಇರ್ಲಿ ಬಿಡಿ, ಗ್ರ್ಯಾಂಡ್” ಎಂದ. ಪರವಾಗಿಲ್ಲ ಎನ್ನಲು ಇಲ್ಲಿಯವರು ಹೇಳುವ ಮಾತು ಅದು. ಬೀದಿಯ ವಿಷಯ ಬಾಯಲ್ಲೇ ಉಳಿಯಿತು.

ಈಗ ಅದು ಮೇಜಿನ ಮೇಲೆ ಫಳಫಳ ಹೊಳೆಯುತ್ತಿದೆ. ಹುಟ್ಟಿದ ಊರಲ್ಲೇ ಇದ್ದೂ ನಿನ್ನೆ ಬಂದಂತಿದೆ.

ನಾನಿಲ್ಲಿಗೆ ಬಂದು ಇಪ್ಪತ್ತು ವರ್ಷ. ಇವತ್ತು ಕೂಟದಿಂದ ವಾಪಸು ಬರುವಾಗ ಟ್ಯಾಕ್ಸಿಯವನು ಕೇಳಿದ, “ಎಷ್ಟು ದಿನಕ್ಕೆ ಬಂದಿದ್ದೀರಾ?”